ಕಲಬುರಗಿ: ಕಲ್ಲಿನ ಊರು, ದಾಸೋಹದ ಊರು

ಮನುಷ್ಯನಿಗೆ ಶರೀರವೂ ಸ್ವಭಾವವೂ ಇರುವಂತೆಯೇ ಊರಿಗೂ ಇವೆರಡು ಇರುತ್ತವೆ. ಕೋಟೆ, ಕೆರೆ, ಗುಡಿ, ಗುಮ್ಮಟ, ಪೇಟೆ, ಬೀದಿ ಇವು ಊರಿನ ಶರೀರ. ಬಂದವರನ್ನು ಅದು ಹೇಗೆ ಕಾಣುತ್ತದೆ, ಹಸಿದವರಿಗೆ ಏನನ್ನು ನೀಡುತ್ತದೆ, ಗತಿಸಿದ ಹಿರಿಯರನ್ನು ಹೇಗೆ ನೆನೆಯುತ್ತದೆ ಎಂಬುದು ಅದರ ಸ್ವಭಾವ. ಶರೀರವನ್ನು ಕಣ್ಣಿನಿಂದ ಕಾಣಬಹುದು. ಸ್ವಭಾವವನ್ನು ಅರಿಯಲು ಒಡನಾಟ ಬೇಕು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಸದ್ಭಕ್ತರಿಗೆ ಕಲಬುರಗಿ ದೂರದ ಊರಲ್ಲ. ಆಳಂದದಿಂದಲೂ ಜೇವರ್ಗಿಯಿಂದಲೂ ಅದು ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅಫಜಲಪುರದಿಂದ ಇನ್ನೂ ಸ್ವಲ್ಪ ದೂರ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುವವರೇ ಬಹಳ. ಆದರೆ ಹೀಗೆ ಹೋಗಿಬರುವವರಿಗೆ ಕಲಬುರಗಿ ಎಂದರೆ ಏನು? ದವಾಖಾನೆ, ಕಚೇರಿ, ನ್ಯಾಯಾಲಯ, ಅಡತಿ ಅಂಗಡಿ, ಮಗಳ ಮದುವೆಯ ಬಟ್ಟೆಯ ಅಂಗಡಿ. ಇವುಗಳ ನಡುವೆ ದಾರಿ ತೋರಿಸಬಲ್ಲ ಹಿರಿಯರಿಗೂ ಕೋಟೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದರೆ ಉತ್ತರ ತಡವಾಗುತ್ತದೆ. ನಿತ್ಯ ಕಾಣುವ ವಸ್ತುವನ್ನೇ ನಾವು ಕಾಣದೆ ಹೋಗುವುದು ಲೋಕರೂಢಿ. ಆದುದರಿಂದ ಈ ತಿಂಗಳ ಅಂಕಣವನ್ನು ನಮ್ಮ ಹೆಬ್ಬಾಗಿಲಿನಂತಿರುವ ಈ ನಗರಕ್ಕೆ ಮೀಸಲಿಡುತ್ತೇವೆ.

ನೆಲ ಮತ್ತು ಹೆಸರು

ಕಲಬುರಗಿ ಎಂಬ ಹೆಸರಿನಲ್ಲಿ ಕಲ್ಲು ಇದೆ ಎಂಬುದನ್ನು ಕನ್ನಡ ಬಲ್ಲ ಮಗುವೂ ಹೇಳೀತು. ಕಲ್ಲುಗಳಿಂದ ತುಂಬಿದ ನೆಲ ಎಂಬ ಅರ್ಥವನ್ನೇ ಜನ ಹೇಳಿಕೊಂಡು ಬಂದಿದ್ದಾರೆ. ನೆಲವನ್ನು ನೋಡಿದರೆ ಈ ಅರ್ಥ ಸುಳ್ಳೆನಿಸುವುದಿಲ್ಲ. ಜಿಲ್ಲೆಯ ಪಶ್ಚಿಮಕ್ಕೂ ಉತ್ತರಕ್ಕೂ, ಎಂದರೆ ಆಳಂದ, ಅಫಜಲಪುರಗಳ ಕಡೆಗೆ, ದಖ್ಖನಿನ ಕರಿಗಲ್ಲು ಮತ್ತು ಅದು ಕರಗಿ ಆದ ಎರೆಮಣ್ಣು. ಪೂರ್ವಕ್ಕೂ ದಕ್ಷಿಣಕ್ಕೂ ಭೀಮೆಯ ಸೀಮೆಯ ಸುಣ್ಣದ ಕಲ್ಲು. ಮೊದಲನೆಯದು ಕೋಟೆಗಳಿಗೆ ಒದಗಿತು, ತೊಗರಿ ಜೋಳಗಳಿಗೆ ತಾಯಿಯಾಯಿತು. ಎರಡನೆಯದು ಶಹಾಬಾದ ಕಲ್ಲು ಎಂಬ ಹೆಸರಿನಿಂದ ನಾಡಿನ ಎಷ್ಟೋ ಮನೆಗಳ ನೆಲಹಾಸಾಯಿತು, ವಾಡಿ ಶಹಾಬಾದಗಳ ಸಿಮೆಂಟ್ ಕಾರ್ಖಾನೆಗಳಿಗೆ ಆಹಾರವಾಯಿತು. ಮನೆಯ ಕಲ್ಲಿನ ಹಾಸಿನ ಮೇಲೆ ಕುಳಿತು ಈ ಅಂಕಣವನ್ನು ಓದುತ್ತಿರುವ ಬಂಧುಗಳು ಬಹಳ ಮಂದಿ ಇರಬಹುದು. ಅವರು ಈ ಜಿಲ್ಲೆಯ ನೆಲದ ಮೇಲೆಯೇ ಕುಳಿತಿದ್ದಾರೆ.

ಈ ಊರು ಬಹುಕಾಲ ಗುಲಬರ್ಗಾ ಎಂಬ ಹೆಸರಿನಿಂದ ಕಾಗದಪತ್ರಗಳಲ್ಲಿ ನಡೆಯಿತು. ಜನರ ನಾಲಗೆಯಲ್ಲಿ ಮಾತ್ರ ಕಲಬುರಗಿಯೇ ಉಳಿದಿತ್ತು. 2014ರ ನವೆಂಬರ್ 1ರಿಂದ ಸರ್ಕಾರವೂ ಜನರ ಹೆಸರನ್ನೇ ಒಪ್ಪಿಕೊಂಡಿತು.

ಸುತ್ತಲಿನ ನೆಲದ ಹಿರಿತನವನ್ನೂ ಇಲ್ಲಿಯೇ ಒಂದು ಮಾತಿನಲ್ಲಿ ಹೇಳಬೇಕು. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ದೊರೆತಿದೆ. ಅದರ ಮಗ್ಗುಲಲ್ಲಿರುವ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಶಿಲ್ಪವೇ ಸಿಕ್ಕಿದೆ. ಕಾಗಿಣಾ ನದಿಯ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಕನ್ನಡದಲ್ಲಿ ನಮಗೆ ಉಳಿದಿರುವ ಅತಿ ಹಳೆಯ ಗ್ರಂಥವಾದ ಕವಿರಾಜಮಾರ್ಗ 9ನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿತು. ಉತ್ತರಕ್ಕೆ ಹೋದರೆ 12ನೆಯ ಶತಮಾನದ ಶರಣರ ಕಲ್ಯಾಣ. ಇಂಥ ನೆರೆಹೊರೆಯ ನಡುವೆ ಕಲಬುರಗಿ ತಡವಾಗಿ ತಲೆಯೆತ್ತಿದ ಊರು. ಆದರೆ ತಲೆಯೆತ್ತಿದ ಮೇಲೆ ದಖ್ಖನಿನ ಚರಿತ್ರೆಯನ್ನೇ ತಿರುಗಿಸಿತು.

ರಾಜಧಾನಿಯಾದ ಬಗೆ

ದೆಹಲಿಯ ತುಘಲಕರ ಹಿಡಿತ ದಖ್ಖನಿನಲ್ಲಿ ಸಡಿಲವಾದಾಗ ಇಲ್ಲಿನ ಸರದಾರರು ದಂಗೆಯೆದ್ದು, 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಎಂಬುವನನ್ನು ಸುಲ್ತಾನನನ್ನಾಗಿ ಮಾಡಿದರು. ಆತ ತನ್ನ ರಾಜಧಾನಿಗೆ ಆರಿಸಿಕೊಂಡ ಸ್ಥಳ ಕಲಬುರಗಿ. ಅದಕ್ಕೆ ಅಹಸನಾಬಾದ ಎಂಬ ಹೆಸರನ್ನೂ ಇಟ್ಟರು. ಆಗ ಇಲ್ಲಿ ಒಂದು ಚಿಕ್ಕ ಕೋಟೆ ಮೊದಲೇ ಇತ್ತು. ವಾರಂಗಲ್ಲಿನ ಕಾಕತೀಯರ ಅಧೀನನಾಗಿದ್ದ ಗುಲಚಂದನೆಂಬ ಅರಸ ಅದನ್ನು ಕಟ್ಟಿಸಿದನೆಂದು ಹೇಳಿಕೆ. ಬಹಮನಿಗಳು ಅದನ್ನು ದೊಡ್ಡದಾಗಿ, ಬಲವಾಗಿ ಮತ್ತೆ ಕಟ್ಟಿದರು.

ಮುಂದೆ ಸುಮಾರು ಮುಕ್ಕಾಲು ಶತಮಾನ ಕಲಬುರಗಿ ರಾಜಧಾನಿಯಾಗಿ ಮೆರೆಯಿತು. ತೆಂಕಣ ದಿಕ್ಕಿಗೆ ವಿಜಯನಗರ, ಬಡಗಣಕ್ಕೆ ಕಲಬುರಗಿ. ನಡುವೆ ಕೃಷ್ಣಾ ತುಂಗಭದ್ರೆಗಳ ದೋಆಬ್ ಪ್ರದೇಶಕ್ಕಾಗಿ ನಿಲ್ಲದ ಕಾಳಗ. ಆ ಕಾಳಗಗಳಲ್ಲಿ ಗೆದ್ದವರ ಹೆಸರು, ಸೋತವರ ಹೆಸರು ಪಠ್ಯಪುಸ್ತಕಗಳಲ್ಲಿದೆ. ದಂಡು ನಡೆದ ದಾರಿಯಲ್ಲಿ ಬೆಳೆ ಕಳೆದುಕೊಂಡ ರೈತನ ಹೆಸರು ಎಲ್ಲಿಯೂ ಇಲ್ಲ. ಚರಿತ್ರೆಯನ್ನು ಓದುವಾಗ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಬಹಮನಿ ಸುಲ್ತಾನರಲ್ಲಿ ವಿದ್ಯಾಸಕ್ತನೆಂದು ಹೆಸರಾದವನು ಫಿರೋಜ್ ಷಾ. 1397ರಿಂದ 1422ರವರೆಗೆ ಆಳಿದ ಈತ ಭೀಮೆಯ ದಂಡೆಯಲ್ಲಿ ಫಿರೋಜಾಬಾದ ಎಂಬ ಹೊಸ ಅರಮನೆಯ ನಗರವನ್ನೇ ಕಟ್ಟಿಸಿದನು. ಜೇವರ್ಗಿಯಿಂದ ಕಲಬುರಗಿಗೆ ಬರುವವರು ಭೀಮೆಯನ್ನು ದಾಟಿದ ಮೇಲೆ ಈ ನಗರದ ಅವಶೇಷಗಳು ಹತ್ತಿರದಲ್ಲೇ ಇವೆ. ಮುರಿದ ಗೋಡೆ, ಬಾಗಿಲು, ಮಸೀದಿ, ಸ್ನಾನಗೃಹಗಳ ನಡುವೆ ಇಂದು ಪೈರು ಬೆಳೆಯುತ್ತದೆ. ಅಂದು ದಂಡು ಅಳಿಸಿದ ಪೈರು ಇಂದು ಅರಮನೆಯ ಅಂಗಳದಲ್ಲಿ ತಲೆದೂಗುವುದನ್ನು ಕಂಡರೆ ವೈರಾಗ್ಯಕ್ಕೆ ಬೇರೆ ಪ್ರವಚನ ಬೇಕಾಗುವುದಿಲ್ಲ.

ಫಿರೋಜನ ಬಳಿಕ ಬಂದ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಅಲ್ಲಿಂದ ಮುಂದೆ ಕಲಬುರಗಿ ವಿಜಾಪುರದ ಆದಿಲ್‌ಶಾಹಿಗಳಿಗೆ, ಮೊಗಲರಿಗೆ, 18ನೆಯ ಶತಮಾನದಲ್ಲಿ ಹೈದರಾಬಾದಿನ ನಿಜಾಮರಿಗೆ ಕೈಬದಲಾಯಿತು. ಅರಸರು ಬಿಟ್ಟುಹೋದ ಮೇಲೂ ಊರು ಹಾಳಾಗಲಿಲ್ಲ ಎಂಬುದೇ ವಿಶೇಷ. ಅದರ ಕಾರಣವನ್ನು ಮುಂದೆ ನೋಡೋಣ.

ಕಲ್ಲು ಹೇಳುವ ಮಾತು

ಕೋಟೆಯೊಳಗೆ ಹೋದವರು ಮೊದಲು ನೋಡಬೇಕಾದುದು ಜಾಮಿ ಮಸೀದಿ. 1367ರಲ್ಲಿ, ಎರಡನೆಯ ಸುಲ್ತಾನ ಮಹಮ್ಮದ್ ಷಾನ ಕಾಲದಲ್ಲಿ, ಇರಾನಿನ ಕಜ್ವೀನದಿಂದ ಬಂದ ಮನೆತನದ ರಫಿ ಎಂಬುವನು ಇದನ್ನು ಕಟ್ಟಿದನು. ನಮ್ಮ ದೇಶದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಸ್ಥಳವನ್ನು ಛಾವಣಿ ಮುಚ್ಚಿದೆ. ಪ್ರಾರ್ಥನೆಯ ದಿಕ್ಕಿಗೆ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗಳಿಗೆ ನಾಲ್ಕು, ಉಳಿದೆಡೆ ಸಾಲುಸಾಲಾಗಿ ಚಿಕ್ಕ ಗುಮ್ಮಟಗಳು. ಬೆಳಕು ಮೇಲಿನಿಂದ ಬೀಳದೆ ಬದಿಯ ಅಗಲವಾದ ಕಮಾನುಗಳಿಂದ ಒಳಕ್ಕೆ ಬರುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಅಲ್ಲಿ ನಿಂತರೆ, ಕಟ್ಟಿದವನು ಈ ಸೀಮೆಯ ಬಿಸಿಲನ್ನು ಚೆನ್ನಾಗಿ ಬಲ್ಲವನಾಗಿದ್ದನೆಂದು ತಿಳಿಯುತ್ತದೆ. ಕಮಾನಿನ ಒಳಗೆ ಕಮಾನು ತೋರುವ ಆ ಸಾಲನ್ನು ನೋಡುತ್ತ ಮಕ್ಕಳು ಮಾತು ನಿಲ್ಲಿಸುತ್ತಾರೆ; ದೊಡ್ಡವರೂ ನಿಲ್ಲಿಸುತ್ತಾರೆ.

ಕೋಟೆಯ ನಡುವಿನ ಬುರುಜು, ಮದ್ದುಗುಂಡಿನ ಕಾಲವನ್ನು ನೆನಪಿಸುವ ತೋಪುಗಳು, ಅವುಗಳಲ್ಲಿ 29 ಅಡಿ ಉದ್ದವೆಂದು ಹೇಳಲಾಗುವ ಒಂದು ಭಾರಿ ತೋಪು, ಸುತ್ತಲಿನ ಕಂದಕ, ಎರಡು ಸುತ್ತಿನ ಗೋಡೆ, ಇವೆಲ್ಲವೂ ನೋಡತಕ್ಕವೇ. ಊರಿನ ಪೂರ್ವಕ್ಕೆ ಹಫ್ತ್ ಗುಂಬಜ್, ಎಂದರೆ ಏಳು ಗುಮ್ಮಟಗಳ ಸಮೂಹ. ಬಹಮನಿ ಸುಲ್ತಾನರ ಸಮಾಧಿಗಳಿವು. ಇವುಗಳಲ್ಲಿ ಫಿರೋಜ್ ಷಾನ ಜೋಡಿ ಗುಮ್ಮಟ ಎಲ್ಲಕ್ಕಿಂತ ದೊಡ್ಡದು. ಅದರ ಬಾಗಿಲ ಕೆತ್ತನೆಯನ್ನೂ, ಸೂರಿನ ಕೆಳಗಿನ ಕಲ್ಲಿನ ಆಸರೆಗಳನ್ನೂ ನೋಡಿದರೆ ನಮ್ಮ ಗುಡಿಗಳನ್ನು ಕಟ್ಟಿದ ಶಿಲ್ಪಿಗಳ ಕೈಚಳಕ ಅಲ್ಲಿ ಇಣುಕುತ್ತದೆ. ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವೂ ಬಹಮನಿ ಕಾಲದ ಗುಮ್ಮಟಗಳಲ್ಲಿಯೇ ಇದೆ. ಸುತ್ತಲಿನ ಊರುಗಳಿಂದ ತಂದ ಶಿಲ್ಪಗಳೂ ಶಾಸನಗಳೂ ಅಲ್ಲಿವೆ.

"ಅವು ಅವರವು, ನಮಗೇನು?" ಎನ್ನುವ ಮಾತು ಕೆಲವು ಮನೆಗಳಲ್ಲಿ ನಮ್ಮ ಕಿವಿಗೆ ಬಿದ್ದಿದೆ. ಈ ಮಾತನ್ನು ನಾವು ಒಪ್ಪಲಾರೆವು. ಆ ಕಲ್ಲು ಈ ನೆಲದ್ದು. ಅದನ್ನು ಕಟ್ಟಲು ಸುರಿದ ಹಣ ಈ ನೆಲದ ರೈತ ತೆತ್ತ ಕಂದಾಯ. ಆಳಂದದ ಎರೆಯಲ್ಲಿ ದುಡಿದವನ ಬೆವರು ಆ ಗುಮ್ಮಟದ ಗಾರೆಯಲ್ಲಿದೆ. ಹೀಗಿರುವಾಗ ಅದು ನಮ್ಮದಲ್ಲವೆಂದು ಹೇಳುವುದು ನಮ್ಮ ಪೂರ್ವಿಕರ ದುಡಿಮೆಯನ್ನೇ ಅಲ್ಲಗಳೆದಂತೆ. ಅರಸನ ಮೇಲೆ ಅಭಿಮಾನವಿಲ್ಲದಿದ್ದರೂ ದುಡಿದವನ ಮೇಲೆ ಅಭಿಮಾನವಿರಬೇಕು. ಕಾಯಕವನ್ನು ಪೂಜಿಸುವವರೆಂದು ಹೇಳಿಕೊಳ್ಳುವ ನಮಗೆ ಇದು ಹೊಸ ಮಾತೇನೂ ಅಲ್ಲ.

ಇಬ್ಬರು ಸತ್ಪುರುಷರು

ಅರಸರು ತೊರೆದರೂ ಊರು ಹಾಳಾಗಲಿಲ್ಲವೆಂದೆವಷ್ಟೆ. ಅದಕ್ಕೆ ಕಾರಣರಾದವರು ಕಿರೀಟವಿಲ್ಲದ ಇಬ್ಬರು.

ಮೊದಲನೆಯವರು ಸೈಯದ್ ಮಹಮ್ಮದ್ ಹುಸೇನಿ. ಜನ ಅವರನ್ನು ಖಾಜಾ ಬಂದೇನವಾಜ್ ಗೇಸುದರಾಜ್ ಎಂದು ಕರೆದರು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ದೆಹಲಿಯನ್ನು ಬಿಟ್ಟ ಈ ವೃದ್ಧ ಸೂಫಿ ಸುಮಾರು 1400ರ ಹೊತ್ತಿಗೆ ಕಲಬುರಗಿಗೆ ಬಂದು ನೆಲೆಸಿದರು. 1422ರಲ್ಲಿ, ನೂರು ವರ್ಷ ಮೀರಿದ ಪ್ರಾಯದಲ್ಲಿ, ದೇಹ ಬಿಟ್ಟರು. ಪಂಡಿತರ ಅರಬ್ಬಿ, ಪಾರಸಿಗಳ ಜೊತೆಗೆ ಜನರ ನುಡಿಯಾದ ದಖನಿಗೂ ಅವರ ಪರಂಪರೆಯಲ್ಲಿ ಸ್ಥಾನ ದೊರೆಯಿತು. ಅವರ ದರ್ಗಾದ ಉರುಸಿಗೆ ಮುಸಲ್ಮಾನರಷ್ಟೇ ಅಲ್ಲದೆ ಸುತ್ತಲಿನ ಹಳ್ಳಿಗಳ ಇತರರೂ ಹೋಗುವುದು ಎಲ್ಲರೂ ಬಲ್ಲ ಸಂಗತಿ.

ಎರಡನೆಯವರು ನಮ್ಮೆಲ್ಲರ ಮನೆಮಾತಾದ ಮಹಾದಾಸೋಹಿ ಶರಣಬಸವೇಶ್ವರರು. ಹಳೆಯ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ, ಮಲಕಪ್ಪ ಸಂಗಮ್ಮ ದಂಪತಿಗಳ ಉದರದಲ್ಲಿ 1746ರಲ್ಲಿ ಅವರ ಜನನ. ಅವರು ಮಠದಲ್ಲಿ ಕುಳಿತ ಸ್ವಾಮಿಗಳಲ್ಲ, ನೇಗಿಲು ಹಿಡಿದ ಒಕ್ಕಲಿಗರು, ಸಂಸಾರಿಗಳು. ಹೊಲದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟು ಕಾಳು ತಿನ್ನಲು ಬಿಟ್ಟರೆಂಬ ಕಥೆಯನ್ನು ನಮ್ಮ ಅಜ್ಜಿಯರು ಹೇಳದ ಮನೆಯಿಲ್ಲ. ಹಸಿದು ಬಂದವರಿಗೆಲ್ಲ ಉಣಬಡಿಸಿದರು. ಒಬ್ಬನು ದಾಸೋಹಕ್ಕೆ ನಿಂತರೆ ಮನೆಯ ಉಳಿದವರ ಲೆಕ್ಕಾಚಾರಕ್ಕೆ ಅದು ಸರಿಹೋಗದಿರುವುದು ಲೋಕದಲ್ಲಿ ಇದ್ದದ್ದೇ. ಕೊನೆಗೆ ಹುಟ್ಟಿದೂರನ್ನು ಬಿಟ್ಟು ಹೊರಟು ಕಲಬುರಗಿಗೆ ಬಂದರು. ಇಲ್ಲಿಯೂ ಅದೇ ದಾಸೋಹವನ್ನು ನಡೆಸಿ 1822ರಲ್ಲಿ ಲಿಂಗೈಕ್ಯರಾದರು.

ಅವರ ಸಮಾಧಿಯ ಸುತ್ತ ಬೆಳೆದುದೇ ಇಂದಿನ ಶರಣಬಸವೇಶ್ವರ ದೇವಸ್ಥಾನ. ಹೋಳಿಹುಣ್ಣಿಮೆಯ ಬಳಿಕ ಐದನೆಯ ದಿನ ರಥೋತ್ಸವ. ಅದರ ಹಿಂದಿನ ಸಂಜೆ ಉಚ್ಚಾಯಿ. ರಥದ ಮೇಲಿನಿಂದ ಶರಣರು ದಾಸೋಹಕ್ಕೆ ಬಳಸಿದರೆಂದು ಹೇಳುವ ಪರುಷ ಬಟ್ಟಲನ್ನು ತೋರಿಸುವ ಗಳಿಗೆಗಾಗಿ ಲಕ್ಷಾಂತರ ಜನ ಬಿಸಿಲಿನಲ್ಲಿ ಕಾಯುತ್ತಾರೆ. ಅರಸನ ಕಿರೀಟ, ಖಡ್ಗಗಳನ್ನು ಮೆರೆಯಿಸುವ ಊರುಗಳು ಲೋಕದಲ್ಲಿ ಬಹಳ. ಊಟದ ಬಟ್ಟಲನ್ನು ಮೇಲೆತ್ತಿ ತೋರಿಸಿ ಜಾತ್ರೆ ಮಾಡುವ ಊರು ನಮ್ಮ ಕಲಬುರಗಿ.

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ 1970ರ ದಶಕದಲ್ಲಿ ಈ ಜಾತ್ರೆಗೆ ಸಹಪಾಠಿಗಳೊಡನೆ ಬಂದುದುಂಟು. ಬರದ ಕಷ್ಟ ಇನ್ನೂ ಜನರ ಮುಖದ ಮೇಲಿತ್ತು. ಪ್ರಸಾದದ ಪಂಕ್ತಿಯಲ್ಲಿ ಕುಳಿತ ನಮ್ಮನ್ನು ಯಾವ ಊರು, ಯಾವ ಮನೆತನ ಎಂದು ಯಾರೂ ಕೇಳಲಿಲ್ಲ. ಬಡಿಸಿದ ತಾಯಿ ಕೇಳಿದ್ದು "ಇನ್ನೊಂದಿಷ್ಟು ಹಾಕಲೇನಪ್ಪಾ?" ಎಂದಷ್ಟೇ. ಗುರುಗಳು ವರ್ಷಗಟ್ಟಲೆ ಹೇಳಿಕೊಟ್ಟ ದಾಸೋಹ ಶಬ್ದದ ಅರ್ಥ ಅಂದು ಪಂಕ್ತಿಯಲ್ಲಿ ನಮಗೆ ಸ್ಪಷ್ಟವಾಯಿತು.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಇಬ್ಬರೂ ಕಲಬುರಗಿಯಲ್ಲಿ ಹುಟ್ಟಿದವರಲ್ಲ. ಒಬ್ಬರು ದೆಹಲಿಯಿಂದ, ಒಬ್ಬರು ಅರಳಗುಂಡಗಿಯಿಂದ ನಡೆದು ಬಂದವರು. ಊರು ಇಬ್ಬರನ್ನೂ ಪರಕೀಯರೆಂದು ಎಣಿಸದೆ ಇಟ್ಟುಕೊಂಡಿತು. ಬಂದವರನ್ನು ಇಟ್ಟುಕೊಳ್ಳುವ ಗುಣವೇ ಈ ನಗರದ ಮೂಲ ಸ್ವಭಾವವೆಂದು ನಮ್ಮ ಅಭಿಪ್ರಾಯ.

ರೈಲು, ಗಿರಣಿ, ನುಡಿ

ನಿಜಾಮರ ಆಳ್ವಿಕೆಯಲ್ಲಿ ಕಲಬುರಗಿ ಒಂದು ಪ್ರಾಂತದ ಮುಖ್ಯ ಪಟ್ಟಣವಾಗಿತ್ತು. 1871ರಲ್ಲಿ ಮುಂಬಯಿ ಮದ್ರಾಸುಗಳ ನಡುವಿನ ರೈಲು ದಾರಿ ರಾಯಚೂರಿನಲ್ಲಿ ಕೂಡಿದಾಗ, ಆ ದಾರಿಯ ಮೇಲಿದ್ದ ಕಲಬುರಗಿಗೆ ಎರಡು ಸಮುದ್ರಗಳ ಬಂದರೂ ಹತ್ತಿರವಾದವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರಿನ ಬಟ್ಟೆಯ ಗಿರಣಿ ಬಂತು. ಸುತ್ತಲಿನ ಹಳ್ಳಿಗಳ ಕೈಗಳಿಗೆ ಕೆಲಸ ದೊರೆಯಿತು. ಆ ಗಿರಣಿ ಮುಚ್ಚಿಹೋದರೂ ಎಂ.ಎಸ್.ಕೆ. ಮಿಲ್ ಎಂಬ ಹೆಸರು ಬಡಾವಣೆಗೆ ಉಳಿದಿದೆ.

ಆದರೆ ಆಡಳಿತದ ನುಡಿ ಉರ್ದು. ಶಾಲೆಯ ನುಡಿಯೂ ಬಹುಮಟ್ಟಿಗೆ ಅದೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಸೋಲಾಪುರದ ಕಡೆಯ ವ್ಯಾಪಾರದಲ್ಲಿ ಮರಾಠಿ. ಹೀಗೆ ಮೂರು ನುಡಿಗಳ ನಡುವೆ ಕನ್ನಡ ಬಡವರ ಮಗಳಂತೆ ಮೂಲೆಯಲ್ಲಿತ್ತು. ಇಂಥ ಕಾಲದಲ್ಲಿ, 1928ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನೆರೆಯಿತು. ಅಧ್ಯಕ್ಷರು ಬಿ.ಎಂ. ಶ್ರೀಕಂಠಯ್ಯನವರು. ಹೈದರಾಬಾದ ಸಂಸ್ಥಾನದ ಕನ್ನಡಿಗರಿಗೆ ತಾವು ಒಂಟಿಗಳಲ್ಲವೆಂಬ ಧೈರ್ಯ ಅದರಿಂದ ಬಂತು. ಮುಂದೆ 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ, 1987ರಲ್ಲಿ ಸಿದ್ಧಯ್ಯ ಪುರಾಣಿಕರ ಅಧ್ಯಕ್ಷತೆಯಲ್ಲಿ, 2020ರ ಫೆಬ್ರುವರಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ ಇದೇ ಊರು ಸಮ್ಮೇಳನಕ್ಕೆ ಆತಿಥ್ಯ ನೀಡಿತು. ಈ ನಾಲ್ವರಲ್ಲಿ ಉತ್ತಂಗಿಯವರು ಕ್ರೈಸ್ತ ಧರ್ಮಬೋಧಕರು. ಸರ್ವಜ್ಞನ ವಚನಗಳನ್ನು ಹುಡುಕಿ ಸಂಪಾದಿಸಿಕೊಟ್ಟವರು ಅವರೇ ಎಂಬುದನ್ನು ನಮ್ಮ ಕಿರಿಯರು ತಿಳಿದಿರಬೇಕು.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಸೀಮೆಗೆ ಬರಲಿಲ್ಲ. ಇನ್ನೂ ಹದಿಮೂರು ತಿಂಗಳು ಕಾಯಬೇಕಾಯಿತು. ರಜಾಕಾರರ ಹಾವಳಿಯ ಆ ದಿನಗಳಲ್ಲಿ ಗಡಿಯ ತಾಲೂಕುಗಳಾದ ಆಳಂದ, ಅಫಜಲಪುರಗಳ ಅನೇಕ ಮನೆತನಗಳು ಎತ್ತಿನ ಗಾಡಿ ಕಟ್ಟಿಕೊಂಡು ಸೋಲಾಪುರದ ಕಡೆಗೆ, ವಿಜಾಪುರದ ಕಡೆಗೆ ದಾಟಿದವು. ಪೊಲೀಸ್ ಕಾರ್ಯಾಚರಣೆಯ ಬಳಿಕ 1948ರ ಸೆಪ್ಟೆಂಬರ್ 17ರಂದು ಬಿಡುಗಡೆ ದೊರೆಯಿತು. ಆ ಹೊತ್ತಿನ ಗೊಂದಲದಲ್ಲಿ ಎರಡೂ ಕಡೆಯ ನಿರಪರಾಧಿಗಳು ನೊಂದರೆಂಬುದನ್ನೂ ಮರೆಯಬಾರದು. 1956ರ ನವೆಂಬರ್ 1ರಂದು ಕಲಬುರಗಿ ಕನ್ನಡನಾಡಿನಲ್ಲಿ ಒಂದಾಯಿತು. ಹಿಂದುಳಿದ ಸೀಮೆಗೆ ವಿಶೇಷ ಸ್ಥಾನ ನೀಡುವ 371ಜೆ ವಿಧಿ 2013ರಲ್ಲಿ ಜಾರಿಗೆ ಬಂತು. 2019ರಲ್ಲಿ ಹೈದರಾಬಾದ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂತು.

ವಿದ್ಯೆಯ ದಾಸೋಹ

ಅನ್ನದಾಸೋಹದ ಊರು ವಿದ್ಯಾದಾಸೋಹಕ್ಕೆ ತಿರುಗಿದುದು 20ನೆಯ ಶತಮಾನದ ದೊಡ್ಡ ಸಂಗತಿ. 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ನಿಜಾಮರ ಕಾಲದಲ್ಲಿಯೇ ಹೆಣ್ಣುಮಕ್ಕಳ ಕನ್ನಡ ಶಾಲೆಗೆ ಬುನಾದಿ ಹಾಕಿದರು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ದೊಡ್ಡಪ್ಪ ಅಪ್ಪನವರ ಹೆಸರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆದರು. 1963ರಲ್ಲಿ ವೈದ್ಯಕೀಯ ಕಾಲೇಜು ಬಂತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಆಳಂದ ರಸ್ತೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ. ಬಹುಕಾಲ ಈ ವಿದ್ಯಾದಾಸೋಹವನ್ನು ಮುನ್ನಡೆಸಿದ ಸಂಸ್ಥಾನದ ಎಂಟನೆಯ ಪೀಠಾಧಿಪತಿ ಪೂಜ್ಯ ಡಾ. ಶರಣಬಸವಪ್ಪ ಅಪ್ಪನವರು 2025ರ ಆಗಸ್ಟ್‌ನಲ್ಲಿ ಲಿಂಗೈಕ್ಯರಾದರು.

ಆಳಂದ ತಾಲೂಕಿನ ಒಬ್ಬ ತಾಯಿ ಇತ್ತೀಚೆಗೆ ನಮ್ಮ ಮುಂದೆ ತಮ್ಮ ಅಳಲನ್ನು ತೋಡಿಕೊಂಡರು. "ಶಾಸ್ತ್ರಿಗಳೇ, ಮಗನ್ನ ಕಲಬುರಗ್ಯಾಗ ಓದ್ಲಿಕ್ಕೆ ಇಟ್ಟೀವ್ರಿ. ಊರು ಭಾಳ ದೊಡ್ಡದದ. ಹುಡುಗ ಎಲ್ಲಿ ಕೈತಪ್ಪಿ ಹೋಗ್ತಾನೋ ಅಂತ ಅಂಜಿಕಿ ಬರ್ತದ." ಈ ಅಂಜಿಕೆ ಒಬ್ಬರದಲ್ಲ. ಐದು ಲಕ್ಷಕ್ಕೂ ಮೀರಿದ ಜನರ ನಡುವೆ, ಬಾಡಿಗೆಯ ಕೋಣೆಯಲ್ಲಿ, ಕೈಯಲ್ಲಿ ಮೊಬೈಲು ಹಿಡಿದು ಒಂಟಿಯಾಗಿ ಬದುಕುವ ಹದಿನೆಂಟರ ಹುಡುಗನ ಬಗ್ಗೆ ತಾಯಿಗೆ ಚಿಂತೆಯಾಗದೆ ಇದ್ದೀತೇ? ನಾವು ಆ ತಾಯಿಗೆ ಹೇಳಿದ್ದು ಇಷ್ಟು: ಊರನ್ನು ಅರಿಯದವನು ಊರಿನಲ್ಲಿ ಕಳೆದುಹೋಗುತ್ತಾನೆ, ಅರಿತವನಿಗೆ ಅದು ಎರಡನೆಯ ಮನೆಯಾಗುತ್ತದೆ. ಮುಂದಿನ ಸಲ ಬುತ್ತಿ ಕೊಡಲು ಹೋದಾಗ ಒಂದು ದಿನ ಹೆಚ್ಚಿಗೆ ನಿಲ್ಲಿರಿ. ಮಗನ ಜೊತೆಗೆ ಶರಣಬಸವೇಶ್ವರರ ಸನ್ನಿಧಿಗೆ ಹೋಗಿರಿ, ಕೆರೆಯ ದಂಡೆಯಲ್ಲಿ ಕುಳಿತುಕೊಳ್ಳಿರಿ, ಕೋಟೆಯನ್ನು ನೋಡಿರಿ. ಅರಳಗುಂಡಗಿಯ ಒಬ್ಬ ರೈತನೂ ಹೀಗೆಯೇ ಒಂದು ದಿನ ಹಳ್ಳಿ ಬಿಟ್ಟು ಈ ಊರಿಗೆ ಬಂದಿದ್ದನೆಂದು ಹೇಳಿರಿ. ಹಳ್ಳಿಯಿಂದ ಬಂದೆನೆಂದು ತಲೆತಗ್ಗಿಸುವ ಹುಡುಗನಿಗೆ, ಈ ನಗರದ ಹೆಸರನ್ನು ಬೆಳಗಿದವರೇ ಹಳ್ಳಿಯವರೆಂಬ ಅರಿವು ಬಂದರೆ ಅರ್ಧ ಅಂಜಿಕೆ ಹೋದಂತೆ.

ಪೇಟೆ ಮತ್ತು ಪಂಕ್ತಿ

ಕಲಬುರಗಿಯ ಗಂಜಿಗೆ ಹೋದವರಿಗೆ ಊರಿನ ಸ್ವಭಾವದ ಇನ್ನೊಂದು ಮುಖ ಕಾಣುತ್ತದೆ. ತೊಗರಿಯ ರಾಶಿಗಳು, ಹಮಾಲರ ಕೂಗು, ಅಡತಿಯವರ ಲೆಕ್ಕ. ಈ ಜಿಲ್ಲೆ ತೊಗರಿಯ ಕಣಜವೆಂದೇ ಪ್ರಸಿದ್ಧ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಸುಣ್ಣದಂಶವುಳ್ಳ ಮಣ್ಣಿನಿಂದಲೇ ಈ ಬೇಳೆಗೆ ರುಚಿ, ಬೇಗ ಬೇಯುವ ಗುಣ ಎಂದು ಹೇಳುತ್ತಾರೆ. ನಗರಕ್ಕೆ ಬೇಳೆ ಬರುವುದು ನಮ್ಮ ತಾಲೂಕುಗಳ ಹೊಲಗಳಿಂದ; ಕುಡಿಯುವ ನೀರಿನ ದೊಡ್ಡ ಪಾಲು ಬರುವುದು ಭೀಮೆಯಿಂದ. ಅದೇ ಭೀಮೆ ಅಫಜಲಪುರದ ಸೊನ್ನದಲ್ಲಿ ಅಣೆಕಟ್ಟನ್ನು ತುಂಬಿ, ದೇವಲ ಗಾಣಗಾಪುರದಲ್ಲಿ ಆಳಂದದ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿಯ ಹೊಲಗಳ ಬದಿಯಲ್ಲಿ ಹರಿದು ಹೋಗುತ್ತಾಳೆ. ನಗರದ ಅನ್ನಕ್ಕೂ ನೀರಿಗೂ ಈ ಮೂರು ತಾಲೂಕುಗಳೇ ಆಸರೆಯಾಗಿರುವಾಗ, ನಗರದಲ್ಲಿ ನಾವು ಪರಕೀಯರಂತೆ ಅಂಜಿ ನಡೆಯುವುದೇಕೆ?

ಊಟದ ವಿಷಯದಲ್ಲಿಯೂ ಈ ಊರು ಎಲ್ಲರನ್ನೂ ಇಟ್ಟುಕೊಂಡಿದೆ. ಒಂದು ಬೀದಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಇನ್ನೊಂದು ಬೀದಿಯಲ್ಲಿ ಬಿಸಿ ತಹರಿ. ಮಾತಿನಲ್ಲಿಯೂ ಹಾಗೆಯೇ. ಕನ್ನಡದೊಳಗೆ ದಖನಿ ಉರ್ದುವಿನ ಮಾತು, ದಖನಿಯೊಳಗೆ ಕನ್ನಡದ ಲಯ. ಶುದ್ಧ ಭಾಷೆಯ ಅಭಿಮಾನಿಗಳಾದ ನಮಗೂ ಆ ಬೆರಕೆಯ ಮಾತು ಕಿವಿಗೆ ಹಿತವೆನಿಸುತ್ತದೆ.

ಉಳಿಸಿಕೊಳ್ಳುವ ಹೊಣೆ

ಫ್ರಾನ್ಸ್ ದೇಶದಲ್ಲಿ ಲಿಯೋನ್ ಎಂಬ ಮಹಾನಗರವಿದೆ. ಎರಡು ನದಿಗಳ ಸಂಗಮದಲ್ಲಿ ರೋಮನ್ನರು ಕ್ರಿಸ್ತಪೂರ್ವ 43ರಲ್ಲಿ ಸ್ಥಾಪಿಸಿದ ಊರು. ರೇಷ್ಮೆಯ ನೇಕಾರರಿಂದ ಹೆಸರಾದ ಊರು. 1852ರ ಡಿಸೆಂಬರ್ 8ರಂದು, ಮಾತೆ ಮೇರಿಯ ಪ್ರತಿಮೆಯ ಉತ್ಸವಕ್ಕೆ ಮಳೆಗಾಳಿ ಅಡ್ಡಬಂದಾಗ, ಊರಿನ ಜನ ತಾವಾಗಿಯೇ ಮನೆಯ ಕಿಟಕಿಗಳಲ್ಲಿ ಮೇಣದ ದೀಪಗಳನ್ನು ಹಚ್ಚಿದರು. ಆ ಆಚರಣೆ ಇಂದಿಗೂ ನಡೆದಿದೆ. ಕಳೆದ ಶತಮಾನದಲ್ಲಿ ಅಲ್ಲಿನ ಹಳೆಯ ಪೇಟೆಯನ್ನು ಕೆಡವುವ ಯೋಚನೆ ಬಂದಾಗ ನಾಗರಿಕರು ಎದ್ದು ನಿಂತರು. 1964ರಲ್ಲಿ ಸರ್ಕಾರ ಆ ಪೇಟೆಯನ್ನು ರಕ್ಷಿತವೆಂದು ಸಾರಿತು. 1998ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅರಮನೆಗಳಿಗಿಂತ ಮಿಗಿಲಾಗಿ ನೇಕಾರರ, ವ್ಯಾಪಾರಿಗಳ ಓಣಿಗಳನ್ನು ಅವರು ಉಳಿಸಿಕೊಂಡರು.

ನಮ್ಮಲ್ಲಿ ಏನಾಗಿದೆ? ಕಲಬುರಗಿಯ ಬಹಮನಿ ಸ್ಮಾರಕಗಳು ಬೀದರ, ವಿಜಯಪುರ, ಹೈದರಾಬಾದಿನ ಸ್ಮಾರಕಗಳೊಡನೆ 2014ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿದವು. ಹಾಗೆ ಸೇರುವುದು ಬಾಗಿಲ ಬಳಿ ನಿಂತಂತೆ. ಒಳಗೆ ಹೋಗಬೇಕಾದರೆ ಮನೆಯನ್ನು ಶುದ್ಧವಾಗಿಟ್ಟಿರಬೇಕು. ಕೋಟೆಯ ಕಂದಕದಲ್ಲಿ ಕಸ, ಗೋಡೆಯ ಬಿರುಕಿನಲ್ಲಿ ಗಿಡ, ಕಲ್ಲಿನ ಮೇಲೆ ಪ್ರೇಮಿಗಳು ಕೆತ್ತಿದ ಹೆಸರು. ಇವನ್ನು ಕಂಡು ಮನಸ್ಸು ಮರುಗುತ್ತದೆ. ಕೋಟೆಯೊಳಗೆ ದಶಕಗಳಿಂದ ಬಾಳಿದ ಬಡ ಕುಟುಂಬಗಳ ಪ್ರಶ್ನೆಯೂ ಇದೆ. ಕಲ್ಲನ್ನು ಉಳಿಸಲು ಮನುಷ್ಯನನ್ನು ಬೀದಿಗೆ ಹಾಕುವುದು ದಾಸೋಹದ ಊರಿಗೆ ಒಪ್ಪುವ ಮಾತಲ್ಲ; ಮನುಷ್ಯನ ಹೆಸರು ಹೇಳಿ ಕಲ್ಲನ್ನು ಹಾಳುಮಾಡುವುದೂ ವಿವೇಕವಲ್ಲ. ಅವರಿಗೆ ಮೊದಲು ತಲೆಯ ಮೇಲೆ ಸೂರು, ಬಳಿಕ ಕೋಟೆಗೆ ರಕ್ಷಣೆ, ಈ ಕ್ರಮದಲ್ಲಿ ಆಡಳಿತ ನಡೆಯಲೆಂದು ನಮ್ಮ ಪ್ರಾರ್ಥನೆ.

ಸರ್ಕಾರ ಮಾಡಬೇಕಾದುದನ್ನು ಸರ್ಕಾರ ಮಾಡಲಿ. ಸದ್ಭಕ್ತರ ಮನೆಗಳು ಮಾಡಬಹುದಾದುದೂ ಇದೆ. ನಮ್ಮ ಹಳ್ಳಿಗಳ ಶಾಲೆಗಳು ಪ್ರವಾಸವೆಂದು ಮಕ್ಕಳನ್ನು ದೂರದ ಊರುಗಳಿಗೆ ಒಯ್ಯುತ್ತವೆ. ಗುರುಗಳು ಒಂದು ವರ್ಷವಾದರೂ ಫಿರೋಜಾಬಾದ, ಕೋಟೆ, ಹಫ್ತ್ ಗುಂಬಜ್, ವಸ್ತುಸಂಗ್ರಹಾಲಯ, ಶರಣಬಸವೇಶ್ವರರ ಸನ್ನಿಧಿ, ಬಂದೇನವಾಜರ ದರ್ಗಾ, 2009ರಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರ ಇವನ್ನು ಒಂದೇ ದಿನದಲ್ಲಿ ತೋರಿಸಿ ತರಲಿ. ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ರೊಟ್ಟಿ ಬುತ್ತಿ ಕಟ್ಟಿಕೊಂಡರೆ ಬಸ್ಸಿನ ಹಣದ ಹೊರತು ಖರ್ಚೂ ಹೆಚ್ಚಿಲ್ಲ. ಹಿಂತಿರುಗಿದ ಮೇಲೆ ಮಕ್ಕಳಿಂದ ಒಂದೊಂದು ಪುಟ ಬರೆಯಿಸಿರಿ. ಆಯ್ದ ಬರಹಗಳನ್ನು ಸಂಪಾದಕರಿಗೆ ಕಳಿಸಿದರೆ ಈ ಪತ್ರಿಕೆಯ ಮಕ್ಕಳ ಪುಟದಲ್ಲಿ ಪ್ರಕಟಿಸುವಂತೆ ನಾವು ಕೇಳಿಕೊಳ್ಳುತ್ತೇವೆ.

ಮುಂದಿನ ಹೋಳಿಹುಣ್ಣಿಮೆಗೆ ಜಾತ್ರೆಗೆಂದು ಹೋಗುವ ಬಂಧುಗಳು ತೇರನ್ನು ಕಂಡು, ಪ್ರಸಾದ ಸ್ವೀಕರಿಸಿ, ಬಸ್ಸು ಹಿಡಿಯುವ ಮೊದಲು ಕೋಟೆಯ ಬಾಗಿಲವರೆಗಾದರೂ ಮಕ್ಕಳ ಕೈಹಿಡಿದು ನಡೆಯಲಿ.